ದಿಟ್ಟ ಎನ್ನುವ ಮಾತು

ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಒಮ್ಮೆ ನನ್ನ ಮುಂದೆ ಒಬ್ಬ ಹೆಂಗಸು ನಿಂತಿದ್ದರು. ಅಕ್ಕಿ ತೂಗಿ ಚೀಲಕ್ಕೆ ಸುರಿದಾಯಿತು. ಆಕೆ ಚೀಲ ಎತ್ತಲಿಲ್ಲ. “ಇನ್ನೊಂದ್ಸಲ ತೂಗಣ್ಣ” ಎಂದರು. ದನಿ ಸಣ್ಣದಿತ್ತು, ರೇಷನ್ ಕಾರ್ಡ್ ಹಿಡಿದ ಕೈ ನಡುಗುತ್ತಿತ್ತು. ಅಂಗಡಿಯವನು ಮುಖ ಸಿಂಡರಿಸಿದ. ಹಿಂದಿನಿಂದ ಯಾರೋ “ಬಜಾರಿ” ಎಂದರು. ಚೀಲವನ್ನು ಮತ್ತೆ ತೂಕಕ್ಕಿಟ್ಟಾಗ ಅರ್ಧ ಕೆ.ಜಿ. ಕಡಿಮೆ ಬಂತು. ಅವನು ಮಾತಿಲ್ಲದೆ ಎರಡು ಬೊಗಸೆ ಅಕ್ಕಿ ಸುರಿದ. ಆಮೇಲೆ ಸಾಲಿನಲ್ಲಿದ್ದ ನಮ್ಮೆಲ್ಲರ ಅಕ್ಕಿಯೂ ಸರಿಯಾಗಿ ತೂಗಿತು.

ಅದೇ ಮಾತನ್ನು ಗಂಡಸು ಕೇಳಿದ್ದರೆ ‘ಖಡಕ್ ಆಸಾಮಿ’ ಎನ್ನುತ್ತಿದ್ದರು. ಹೆಣ್ಣು ಕೇಳಿದರೆ ಬಜಾರಿ, ಗಯ್ಯಾಳಿ, ಗಂಡುಬೀರಿ. ಆಕೆಗೆ ಸಲ್ಲಬೇಕಾದ ಮಾತು ಕನ್ನಡದಲ್ಲಿ ಬೇರೆಯೇ ಇದೆ: ದಿಟ್ಟೆ.

ದಿಟ್ಟ ಎಂಬುದು ಸಂಸ್ಕೃತದ ‘ಧೃಷ್ಟ’ದ ತದ್ಭವ. ಮೂಲದಲ್ಲಿ ಅದಕ್ಕೆ ಅಷ್ಟು ಒಳ್ಳೆಯ ಹೆಸರಿರಲಿಲ್ಲ. ಎದೆಗಾರ ಎಂಬ ಅರ್ಥದ ಜೊತೆಗೇ ಉದ್ಧಟ, ನಾಚಿಕೆಗೆಟ್ಟವನು ಎಂಬ ಅರ್ಥವೂ ಇತ್ತು. ಅಲಂಕಾರಶಾಸ್ತ್ರದವರು ಪ್ರೇಮದ ವಿಷಯದಲ್ಲಿ ನಾಯಕರನ್ನು ಅನುಕೂಲ, ದಕ್ಷಿಣ, ಶಠ, ಧೃಷ್ಟ ಎಂದು ನಾಲ್ಕು ಬಗೆ ಮಾಡಿದಾಗ, ತಪ್ಪು ಮಾಡಿ ಸಿಕ್ಕಿಬಿದ್ದರೂ ನಾಚದವನನ್ನು ಧೃಷ್ಟ ಎಂದರು. ಇದೇ ಮಾತು ಹಿಂದಿಯಲ್ಲಿ ‘ಢೀಠ್’ ಆಗಿ, ಯಾರ ಮಾತಿಗೂ ಬಗ್ಗದ ಮೊಂಡನನ್ನು ಬೈಯಲು ಇಂದಿಗೂ ಬಳಕೆಯಲ್ಲಿದೆ. ಕನ್ನಡಕ್ಕೆ ಬಂದ ಧೃಷ್ಟ ಮಾತ್ರ ಹೊಗಳಿಕೆಯಾಗಿ ಬೆಳೆಯಿತು. ನಮ್ಮ ಹಿರಿಯರು ಆ ಮಾತಿನ ಜೊಳ್ಳು ತೂರಿ ಕಾಳನ್ನಷ್ಟೇ ಕಣಜಕ್ಕೆ ತುಂಬಿಕೊಂಡರು ಎಂದೇ ನಾನು ತಿಳಿದಿದ್ದೇನೆ.

ಯಾವುದು ಜೊಳ್ಳು? ಮಹಾಭಾರತದ ಧೃಷ್ಟದ್ಯುಮ್ನನ ಹೆಸರಿನಲ್ಲೇ ಆ ಮಾತಿದೆ. ಮಗ ಸತ್ತನೆಂದು ನಂಬಿದ ದ್ರೋಣ ಶಸ್ತ್ರ ಕೆಳಗಿಟ್ಟು ಯೋಗದಲ್ಲಿ ಕುಳಿತಿದ್ದ. ಧೃಷ್ಟದ್ಯುಮ್ನ ಅವನ ಕೂದಲು ಹಿಡಿದು ತಲೆ ಕಡಿದ. ಕೊಲ್ಲಬೇಡವೆಂದು ಅರ್ಜುನ ಕೂಗಿದರೂ ಕೇಳಲಿಲ್ಲ. ತಂದೆಗಾದ ಅವಮಾನದ ಸೇಡು ಅವನಿಗಿತ್ತು, ನಿಜ. ಆದರೂ ತಿರುಗಿ ಕೈಯೆತ್ತದವನ ಮೇಲೆ ಬಿದ್ದ ಆ ಕತ್ತಿಯನ್ನು ದಿಟ್ಟತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಇಂದು ಮೈಕು ಹಿಡಿದು, ಉತ್ತರ ಕೊಡಲು ವೇದಿಕೆಯೇ ಇಲ್ಲದವರನ್ನು ಜರೆಯುವವರಿಗೂ ‘ದಿಟ್ಟ ಮಾತುಗಾರ’ ಎಂಬ ಬಿರುದು ಸಿಗುತ್ತಿದೆ. ಹಿರಿಯರು ತೂರಿದ ಜೊಳ್ಳು ಮತ್ತೆ ಕಣಜ ಸೇರುತ್ತಿದೆ.

ಮಂಗಳೂರಿನ ಕುದ್ಮುಲ್ ರಂಗರಾಯರನ್ನು ಇಲ್ಲಿ ನೆನೆಯಬೇಕು. 1892ರಲ್ಲಿ ಅವರು ದಲಿತ ಮಕ್ಕಳಿಗೆಂದು ಶಾಲೆ ತೆರೆದರು. ಅವರದೇ ಸಾರಸ್ವತ ಸಮುದಾಯ ಅವರಿಗೆ ಬಹಿಷ್ಕಾರ ಹಾಕಿತು. ಎದುರಿಗೆ ನಿಂತವರು ದುರ್ಬಲರಲ್ಲ, ತಮ್ಮವರೇ, ಬಲವುಳ್ಳವರೇ. ಹೋಗುವುದಿದ್ದರೆ ಹೋಗುವುದು ತಮ್ಮದೇ ಮಾನ, ತಮ್ಮದೇ ನೆಂಟಸ್ತಿಕೆ. ಅವರು ಕೆಲಸ ಬಿಡಲಿಲ್ಲ. 1928ರಲ್ಲಿ ತೀರಿಕೊಂಡ ಅವರ ಕೊನೆಯಾಸೆ, ತಮ್ಮ ಅಂತ್ಯಕ್ರಿಯೆ ಪೌರಕಾರ್ಮಿಕರ ಕೈಯಿಂದಲೇ ಆಗಬೇಕು ಎಂಬುದಾಗಿತ್ತು. ದಿಟ್ಟ ಎಂಬ ಮಾತು ಇಂಥವರ ಹೆಸರಿನ ಪಕ್ಕದಲ್ಲಿ ಹೊಂದಿಕೊಂಡು ಕೂರುತ್ತದೆ.

ಕನ್ನಡದಲ್ಲಿ ದಿಟಕ್ಕೂ ದಿಟ್ಟಕ್ಕೂ ಇರುವ ಅಂತರ ಒಂದೇ ಒತ್ತಕ್ಷರ. ಎರಡಕ್ಕೂ ಬೇರು ಒಂದೇ ಎಂದು ನಾನು ಹೇಳುತ್ತಿಲ್ಲ, ಬಳಸುವಾಗ ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳೋಣ ಎನ್ನುತ್ತಿದ್ದೇನೆ. ಮನೆಯ ಹುಡುಗಿ ಎದುರು ಮಾತಾಡಿದಾಗ ‘ಬಜಾರಿ’ ಎನ್ನುವ ಮೊದಲು ಒಂದು ಗಳಿಗೆ ತಡೆಯಿರಿ. ಅವಳು ಹೇಳಿದ್ದು ದಿಟವೇ ನೋಡಿ. ದಿಟವಾಗಿದ್ದರೆ ನಾಲ್ಕು ಜನಕ್ಕೆ ಕೇಳುವಂತೆ ‘ದಿಟ್ಟೆ’ ಎನ್ನಿ. ಅವತ್ತು ಆ ಸಾಲಿನಲ್ಲಿ ನಿಂತು ನಾನು ಆಡದೆ ನುಂಗಿಕೊಂಡ ಮಾತು ಅದೇ.