ಪೂರ್ವಿಕರ ವಿಷಯವಾಗಿ ಸತ್ಯವನ್ನು ಹೇಳುವದು

ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯೂ ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆಯೂ ಒಂದೇ ಬೆಟ್ಟದ ಮೇಲೆ ಕೊಡಲ್ಪಟ್ಟವು. ಇವೆರಡೂ ಒಂದಕ್ಕೊಂದು ವಿರೋಧವಾಗಲಾರವೆಂದು ನಾವೆಲ್ಲರೂ ಒಪ್ಪುತ್ತೇವೆ. ಆದರೂ ಒಬ್ಬನು ತನ್ನ ಮುತ್ತಜ್ಜನ ಜೀವಿತವನ್ನು ವಿಚಾರಿಸಲಾರಂಭಿಸಿದರೆ, ಇವೆರಡೂ ಎದುರುಬದುರಾಗಿ ನಿಂತಂತೆ ಅವನಿಗೆ ಕಾಣುವ ಸಮಯ ಬಂದೀತು. ಯಾಕಂದರೆ ಮನೆಯ ಹಿರಿಯರು ಹೇಳುವದು ಒಂದು, ಸಭೆಯ ಹಳೆಯ ಪುಸ್ತಕ ಹೇಳುವದು ಇನ್ನೊಂದು. ಹಿರಿಯರ ಮಾತನ್ನು ಹಿಡಿದರೆ ಸತ್ಯ ಕೆಡುವದೋ? ಪುಸ್ತಕವನ್ನು ಹಿಡಿದರೆ ಸನ್ಮಾನ ಕೆಡುವದೋ? ಈ ಪ್ರಶ್ನೆಯನ್ನು ಸ್ವಲ್ಪ ಸಾವಧಾನವಾಗಿ ಯೋಚಿಸೋಣ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಿರಿ. ಒಂದು ಕುಟುಂಬದಲ್ಲಿ, “ನಮ್ಮ ಮುತ್ತಜ್ಜನು ಹತ್ತು ಎಕರೆ ಗದ್ದೆಯನ್ನೂ ಕುಲದ ಮಾನವನ್ನೂ ಬಿಟ್ಟು ಸಭೆಗೆ ಸೇರಿದನು” ಎಂದು ಮಕ್ಕಳಿಗೆ ಹೇಳುತ್ತಾ ಬಂದಿದ್ದಾರೆಂದು ಇಟ್ಟುಕೊಳ್ಳೋಣ. ದೀಕ್ಷಾಸ್ನಾನದ ದಾಖಲೆಯನ್ನು ತೆರೆದು ನೋಡಿದರೆ ಅಲ್ಲಿ ಇಷ್ಟೇ ಇದೆ: ಹುಡುಗ, ವಯಸ್ಸು ಸುಮಾರು ಏಳು, ತಂದೆತಾಯಿ ತಿಳಿಯದು, ಬರದಲ್ಲಿ ಬಂದವನು. ಇಂಥ ಸಾಲುಗಳು ನಮ್ಮ ನಾಡಿನಲ್ಲಿ ಹೇಗೆ ಬರೆಯಲ್ಪಟ್ಟವೆಂಬದನ್ನು ತಿಳಿಯುವದು ಕಷ್ಟವಲ್ಲ. 1876ರಲ್ಲಿ ಮಳೆ ತಪ್ಪಿತು; ಮರುವರುಷವೂ ಸಂಕಟವು ತೀರಲಿಲ್ಲ. ಧಾತು ಈಶ್ವರ ಸಂವತ್ಸರಗಳ ಆ ಬರದಲ್ಲಿ ಮೈಸೂರು, ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಗಳ ಊರುಗಳು ಬರಿದಾದವು. ಮೈಸೂರು ಸಂಸ್ಥಾನವೊಂದರಲ್ಲಿಯೇ 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರಕ್ಕೆ ಮಿಕ್ಕಿ ಇದ್ದ ಜನಸಂಖ್ಯೆಯು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿಯಿತು. ದಾರಿಯಲ್ಲಿ ಬಿದ್ದ ತಾಯಂದಿರ ಪಕ್ಕದಲ್ಲಿ ಉಳಿದ ಮಕ್ಕಳನ್ನು ಕೂಡಿಸಿ ಸಾಕುವದಕ್ಕೆ ಮಿಷನುಗಳವರು ಅನಾಥಶಾಲೆಗಳನ್ನು ತೆರೆದರು. ತುಮಕೂರು ಹಾಸನಗಳಲ್ಲಿದ್ದ ವೆಸ್ಲಿಯನ್ ಮಿಷನಿನ ಶಾಲೆಗಳು ಹೀಗೆ ಹುಟ್ಟಿದವುಗಳೇ. ಮಾತನಾಡಲಾರದಷ್ಟು ಬಳಲಿದ ಮಗುವಿನ ಊರನ್ನೂ ಕುಲವನ್ನೂ ಯಾರು ಹೇಳಬೇಕು? ವಯಸ್ಸನ್ನು ಮೈಕಟ್ಟು ನೋಡಿ ಊಹಿಸಿ ಬರೆಯಬೇಕಾಗಿತ್ತು.

ಹೀಗಿರಲಾಗಿ, ದಾಖಲೆಯೇ ಸತ್ಯ, ನೆನಪೆಲ್ಲಾ ಕಟ್ಟುಕಥೆ ಎಂದು ತೀರ್ಪು ಮಾಡಿಬಿಡುವದು ನ್ಯಾಯವಲ್ಲ. ದಾಖಲೆಯನ್ನು ಬರೆದವನೂ ಮನುಷ್ಯನೇ. ಅವನು ತನಗೆ ಬೇಕಾದದ್ದನ್ನು ಬರೆದನು, ಬೇಡವಾದದ್ದನ್ನು ಬಿಟ್ಟನು. ಪರದೇಶದಿಂದ ಬಂದವನಾಗಿದ್ದರೆ ಊರಿನ ಹೆಸರನ್ನು ತನ್ನ ಕಿವಿಗೆ ಬಿದ್ದಂತೆ ಬರೆದನು. ಹೆಂಗಸರ ವಿಷಯವಾಗಿ ‘ಇಂಥವನ ಹೆಂಡತಿ’ ಎಂಬದಕ್ಕಿಂತ ಹೆಚ್ಚು ಹೇಳದ ಸಾಲುಗಳುಂಟು. ಹಳೆಯ ಹೆಸರು ಹೋಗಿ ಯೋಹಾನ, ದಾವೀದ, ಮರಿಯಾ ಎಂಬ ಹೆಸರುಗಳು ಬಂದಾಗ ಒಂದೇ ಹೆಸರಿನವರು ಅನೇಕರಾದದರಿಂದ, ಪರರ ಅಜ್ಜನನ್ನು ತನ್ನ ಅಜ್ಜನೆಂದು ತಿಳಿದು ಮೋಸಹೋಗುವದೂ ಸುಲಭ. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದ ಹೆರ್ಮನ್ ಆನಂದರಾವ್ ಕೌಂಡಿನ್ಯರಂಥ ವಿದ್ಯಾವಂತರ ವಿಷಯವಾಗಿ ಅನೇಕರು ಬರೆದಿಟ್ಟರು. ಕೂಲಿಯವನ ವಿಷಯವಾಗಿ ಒಂದು ಸಾಲು ಸಿಕ್ಕಿದರೆ ಅದೇ ದೊಡ್ಡದು. ಆದದರಿಂದ ಸಾಲು ಚಿಕ್ಕದೆಂಬ ಕಾರಣಕ್ಕೆ ಜೀವಿತವೂ ಚಿಕ್ಕದೆಂದು ಎಣಿಸಬಾರದು.

ನೆನಪಿಗೂ ಅದರದೇ ಬಲವುಂಟು. ಓದುಬರಹ ತಿಳಿಯದ ಅಜ್ಜಿಯು ಇಸವಿಯನ್ನು ಹೇಳಲಾರಳು. ಆದರೆ “ಧಾತು ಬರದಲ್ಲಿ ನಮ್ಮತ್ತೆ ಕೈಗೂಸು” ಎಂದು ಹೇಳುವಳು. ಆ ಒಂದು ಮಾತು ಸಾಕು. ಸಂವತ್ಸರಗಳು 60 ವರುಷಕ್ಕೊಮ್ಮೆ ತಿರುಗಿ ಬರುವವು. ಧಾತು 1816ರಲ್ಲಿಯೂ 1876ರಲ್ಲಿಯೂ 1936ರಲ್ಲಿಯೂ ಬಂತು. ಇವುಗಳಲ್ಲಿ ಯಾವದು ತಲೆಮಾರಿನ ಲೆಕ್ಕಕ್ಕೆ ಕೂಡುವದೋ ಅದನ್ನು ಹಿಡಿಯಬಹುದು. ಯಾವ ಬಾವಿಯ ನೀರು ಕುಡಿದರು, ಯಾರ ಹೊಲದಲ್ಲಿ ದುಡಿದರು, ಯಾವ ಮಗು ತೀರಿಹೋಯಿತು ಎಂಬಂಥವುಗಳನ್ನು ದಾಖಲೆ ಬರೆಯಲಿಲ್ಲ, ಮನೆಯವರು ಮರೆಯಲಿಲ್ಲ. ಆದರೆ ಮಾನದ ಮಾತು ಬಂದಲ್ಲಿ ನೆನಪು ಬೇಗನೆ ಬಣ್ಣ ಹಚ್ಚಿಕೊಳ್ಳುವದು. ಒಬ್ಬರ ಬಾಯಿಂದ ಒಬ್ಬರ ಕಿವಿಗೆ ಹೋಗುವಷ್ಟರಲ್ಲಿ ಒಂದು ಗುಂಟೆ ಹತ್ತು ಎಕರೆಯಾಗುವದು. ಇದು ಯಾವನೋ ಒಬ್ಬನು ಬೇಕೆಂದು ಮಾಡಿದ ಮೋಸವಲ್ಲ. ತಿರಸ್ಕಾರವನ್ನು ಉಂಡವರು ತಮ್ಮ ಮಕ್ಕಳ ತಲೆ ತಗ್ಗಬಾರದೆಂದು ಹೇಳಿದ ಸಮಾಧಾನದ ಮಾತು ಆಗಿರಬಹುದು. ಅಂಥವರನ್ನು ಕಠಿಣವಾಗಿ ತೀರ್ಪು ಮಾಡಬಾರದು. ಆದರೆ ಅವರ ಮಾತು ನಿಜವಲ್ಲವೆಂದು ತಿಳಿದ ಮೇಲೂ ನಾವು ಅದನ್ನೇ ಹೇಳುತ್ತಾ ಹೋದರೆ, ಅದು ಅವರ ಸಮಾಧಾನದ ಮಾತಾಗಿ ಉಳಿಯದೆ ನಮ್ಮ ಸುಳ್ಳು ಸಾಕ್ಷಿಯಾಗುವದು.

ಹಾಗಾದರೆ ಕಂಡುಕೊಂಡದ್ದನ್ನೆಲ್ಲಾ ಬೀದಿಯಲ್ಲಿ ಸಾರಬೇಕೋ? ಬೇಡ. ನೋಹನು ಬೆತ್ತಲೆಯಾಗಿ ಮಲಗಿದ್ದಾಗ ಒಬ್ಬ ಮಗನು ನೋಡಿ ಹೊರಗೆ ಹೋಗಿ ಹೇಳಿದನು; ಶೇಮ್, ಯೆಫೆತರು ಹಿಮ್ಮುಖವಾಗಿ ನಡೆದು ಬಂದು ತಂದೆಯನ್ನು ಮುಚ್ಚಿದರು. ಮುಚ್ಚಿದವರು ಆಶೀರ್ವಾದ ಹೊಂದಿದರು. ಆದರೆ ಗಮನಿಸಿರಿ: ಅವರು ಹೊದಿಸಿದ್ದು ಒಂದು ಬಟ್ಟೆಯೇ ಹೊರತು ಅರಸನ ಉಡುಪಲ್ಲ. ತಂದೆ ಕುಡಿಯಲೇ ಇಲ್ಲವೆಂದು ಅವರು ಹೇಳಲಿಲ್ಲ. ಮೌನಕ್ಕೂ ಸುಳ್ಳಿಗೂ ಇರುವ ಅಂತರ ಇದೇ. ಬದುಕಿರುವ ಒಬ್ಬರನ್ನು ನೋಯಿಸಿ ಯಾರಿಗೂ ಪ್ರಯೋಜನವಾಗದ ಸಂಗತಿಯ ವಿಷಯದಲ್ಲಿ ಮೌನವಾಗಿರುವದು ಪ್ರೀತಿಯ ಕೆಲಸ.

ಆದರೆ ಮೌನಕ್ಕೂ ಒಂದು ಎಲ್ಲೆಯುಂಟು. ಒಂದು ಮನೆಯವರು ತಮ್ಮ ಹಿರಿಯನು ದೊಡ್ಡ ಕುಲದವನೆಂಬ ಕಥೆಯ ಬಲದಿಂದ ಪಕ್ಕದ ಮನೆಯವರನ್ನು ‘ಬರಕ್ಕೆ ಬಂದವರು’ ಎಂದು ಹೀನೈಸಿದರೆ, ಹೆಣ್ಣು ಕೊಡಲು ಹಿಂದೆಗೆದರೆ, ಕರ್ತನ ಮೇಜಿಗೆ ಸೇರಿ ಬಂದರೂ ಮನಸ್ಸಿನಲ್ಲಿ ದೂರ ನಿಂತರೆ, ಆ ಕಥೆಯು ಇನ್ನು ಸತ್ತವನಿಗೆ ಹೊದಿಸಿದ ಬಟ್ಟೆಯಲ್ಲ. ಬದುಕಿರುವವನಿಗೆ ಹೊಡೆಯುವ ಕೋಲು. ಆಗ ಸತ್ಯವನ್ನು ಹೇಳತಕ್ಕದ್ದೇ. ಅನಾಥ ಹುಡುಗನ ಮರಿಮಕ್ಕಳು ಬೇರೆ ಅನಾಥರ ಮರಿಮಕ್ಕಳನ್ನು ತಿರಸ್ಕರಿಸುವದಕ್ಕಿಂತ ಆ ಹುಡುಗನಿಗೆ ಮಾಡುವ ದೊಡ್ಡ ಅವಮಾನ ಯಾವದು?

“ನಿಮ್ಮ ಹಿರಿಯರು ಅನ್ನಕ್ಕಾಗಿ ಸೇರಿದವರು” ಎಂದು ಹಂಗಿಸುವವರು ಇದ್ದಾರಲ್ಲಾ ಎಂದು ಕೆಲವರು ಅಂಜುತ್ತಾರೆ. ಅಂಜಬೇಡಿರಿ. ಹಸಿದ ಮಗು ಅನ್ನ ಇದ್ದಲ್ಲಿಗೆ ಬಂದದ್ದು ಪಾಪವಲ್ಲ. ಅದಾದ ಮೇಲೆ ಆ ಮಗು ಬೆಳೆದು, ದುಡಿದು, ಮನೆ ಕಟ್ಟಿ, ಮಕ್ಕಳಿಗೆ ಪ್ರಾರ್ಥನೆ ಕಲಿಸಿದ್ದು ಬರೀ ಅನ್ನದ ಕೆಲಸವೆಂದು ಯಾರು ಹೇಳುವರು? ಇಸ್ರಾಯೇಲ್ಯರು ಪ್ರಥಮಫಲವನ್ನು ತರುವಾಗ ತಮ್ಮ ಮೂಲಪಿತೃವು ನೆಲೆಯಿಲ್ಲದೆ ಅಲೆದವನೆಂದು ಬಾಯಿಬಿಟ್ಟು ಅರಿಕೆಮಾಡಬೇಕೆಂದು ಧರ್ಮೋಪದೇಶಕಾಂಡದಲ್ಲಿ ವಿಧಿಸಲ್ಪಟ್ಟಿದೆ. ಮತ್ತಾಯನು ಬರೆದ ವಂಶಾವಳಿಯಲ್ಲಿ ತಾಮಾರಳೂ ರಾಹಾಬಳೂ ಅನ್ಯಜನಾಂಗದ ರೂತಳೂ ಇದ್ದಾರೆ. ಕರ್ತನ ವಂಶಾವಳಿಯಲ್ಲಿಯೇ ಮರೆಮಾಡದಿರುವದನ್ನು ನಮ್ಮ ವಂಶಾವಳಿಯಲ್ಲಿ ನಾವು ಯಾಕೆ ಅಳಿಸಬೇಕು?

ಈ ಕೆಲಸಕ್ಕೆ ಕೈಹಾಕುವವರಿಗೆ ಕೆಲವು ಮಾತುಗಳು. ಮೊದಲು ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದವರ ಬಳಿಯಲ್ಲಿ ಕುಳಿತು ಕೇಳಿರಿ. ಪುಸ್ತಕ ಕಾದೀತು, ಅವರು ಕಾಯಲಾರರು. ಯಾರು ಹೇಳಿದರು, ಅವರು ಕಣ್ಣಾರೆ ಕಂಡರೋ ಕೇಳಿದರೋ ಎಂಬದನ್ನು ಕೂಡ ಬರೆದಿಡಿರಿ. ಆಮೇಲೆ ಸಭಾಪಾಲಕರ ಅಪ್ಪಣೆ ಪಡೆದು ದೀಕ್ಷಾಸ್ನಾನ, ಮದುವೆ, ಮರಣಗಳ ದಾಖಲೆಗಳನ್ನು ಅವರ ಎದುರಿನಲ್ಲಿಯೇ ನೋಡಿರಿ. ಸಮಾಧಿಯ ಕಲ್ಲು, ಹಳೆಯ ಸತ್ಯವೇದದ ಮೊದಲ ಹಾಳೆ, ಶಾಲೆಯ ದಾಖಲೆ, ಜಮೀನಿನ ಕಾಗದ ಇವೂ ಮಾತನಾಡುವವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನ ಕಾಗದಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಕಾಪಾಡಲ್ಪಟ್ಟಿವೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿಯೂ ಹಳೆಯ ಪತ್ರಗಳ ಸಂಗ್ರಹವುಂಟು.

ಎಲ್ಲಿಯೂ ಏನೂ ಸಿಕ್ಕದಿದ್ದರೆ, ಇಲ್ಲದ್ದನ್ನು ತುಂಬಿಸಬೇಡಿರಿ. ಬಾಬೆಲಿನಿಂದ ಹಿಂದಿರುಗಿದ ಕೆಲವು ಯಾಜಕರು ತಮ್ಮ ವಂಶಾವಳಿಯ ಪತ್ರವನ್ನು ಹುಡುಕಿ ಕಾಣದೆ ಹೋದರೆಂದು ಎಜ್ರನ ಗ್ರಂಥದಲ್ಲಿದೆ. ಅವರು ಸುಳ್ಳುಗಾರರೆಂದು ಯಾರೂ ತೀರ್ಪು ಮಾಡಲಿಲ್ಲ. ಅವರ ಹೆಸರು ಬರೆಯುವದಕ್ಕೆ ಹೊಸ ಪತ್ರವನ್ನು ಕಲ್ಪಿಸಲೂ ಇಲ್ಲ. ದೇವರಿಂದ ತಿಳಿಯುವ ತನಕ ಆ ಕಾರ್ಯವನ್ನು ಹಾಗೆಯೇ ಬಿಟ್ಟರು. ನಾವೂ ಹಾಗೆ ಬಿಡಬಹುದು. ತಿಳಿದಿರುವಷ್ಟನ್ನು ಕೂಡಿಸದೆ ಕಳೆಯದೆ ಮಕ್ಕಳಿಗೆ ಹೇಳಿ, “ಇದಕ್ಕೆ ಮೇಲೆ ನಮಗೆ ತಿಳಿಯದು” ಎನ್ನುವವನು ಹಿರಿಯರಿಗೂ ಸತ್ಯಕ್ಕೂ ಸಲ್ಲಬೇಕಾದ ಸನ್ಮಾನವನ್ನು ಒಟ್ಟಿಗೆ ಸಲ್ಲಿಸಿದವನಾಗಿದ್ದಾನೆ.