ದೇವರ ಆಯ್ಕೆಯೂ ಮನುಷ್ಯನ ಹೊಣೆಯೂ



ಮಗನು ಸಭೆಯನ್ನು ಬಿಟ್ಟುಹೋದ ತಂದೆಯೊಬ್ಬನು ನಮ್ಮನ್ನು ಹೀಗೆ ಕೇಳಿದನು: “ಉಪದೇಶಿಗಳೇ, ದೇವರು ಅವನನ್ನು ಆರಿಸಿಕೊಂಡಿದ್ದರೆ ಹೇಗೂ ತಿರುಗಿ ಬರುವನು, ಆರಿಸಿಕೊಳ್ಳದಿದ್ದರೆ ನಾನು ಪ್ರಾರ್ಥಿಸಿ ಫಲವೇನು?” ಈ ಮಾತು ಸತ್ಯವೇದದಿಂದ ಹುಟ್ಟಿದಂತೆ ತೋರಿದರೂ ಇದರೊಳಗೆ ಹಣೆಬರಹವೆಂಬ ಹಳೆಯ ನಂಬಿಕೆಯೇ ಅಡಗಿಕೊಂಡದೆ. ಹಣೆಬರಹಕ್ಕೆ ಕಿವಿಯಿಲ್ಲ, ಕರುಳಿಲ್ಲ. ನಮ್ಮನ್ನು ಆರಿಸಿಕೊಂಡಾತನಾದರೋ ಮೊರೆಯನ್ನು ಕೇಳುವ ತಂದೆಯಾಗಿದ್ದಾನೆ.

ಅಪೊಸ್ತಲರ ಕೃತ್ಯಗಳ ೨೭ನೆಯ ಅಧ್ಯಾಯವನ್ನು ನೋಡಿರಿ. ಪೌಲನಿದ್ದ ಹಡಗು ಬಿರುಗಾಳಿಗೆ ಸಿಕ್ಕಿದಾಗ, ಅದರಲ್ಲಿದ್ದ ೨೭೬ ಮಂದಿಯ ಪ್ರಾಣವೂ ಉಳಿಯುವದೆಂಬ ವಾಗ್ದಾನವು ದೇವದೂತನ ಮೂಲಕ ಅವನಿಗೆ ಬಂತು. ದೇವರು ಕೊಟ್ಟ ಮಾತು ತಪ್ಪಲಾರದು. ಆದರೂ ೧೪ನೆಯ ರಾತ್ರಿ ನಾವಿಕರು ಲಂಗರು ಹಾಕುವ ನೆವದಿಂದ ಚಿಕ್ಕ ದೋಣಿಯನ್ನು ಇಳಿಸಿ ಓಡಿಹೋಗಲು ನೋಡಿದಾಗ ಪೌಲನು ಸುಮ್ಮನಿರಲಿಲ್ಲ. ಇವರು ಹಡಗಿನಲ್ಲಿ ನಿಲ್ಲದಿದ್ದರೆ ನೀವು ಬದುಕಲಾರಿರೆಂದು ಶತಾಧಿಪತಿಯನ್ನೂ ಸಿಪಾಯಿಗಳನ್ನೂ ಎಚ್ಚರಿಸಿದನು. ಸಿಪಾಯಿಗಳು ದೋಣಿಯ ಹಗ್ಗಗಳನ್ನು ಕತ್ತರಿಸಿಬಿಟ್ಟರು. ಬೆಳಗಾದ ಮೇಲೆ ಕೆಲವರು ಈಜಿ, ಕೆಲವರು ಹಲಗೆಗಳನ್ನು ಹಿಡಿದು, ಎಲ್ಲರೂ ದಡ ಸೇರಿದರು. ದಡವನ್ನು ನೇಮಿಸಿದ ದೇವರು ದಡಕ್ಕೆ ಸೇರುವ ದಾರಿಯನ್ನೂ ನೇಮಿಸಿದ್ದನು.

ಹಾಗಾದರೆ ರಕ್ಷಣೆಯಲ್ಲಿ ಅರ್ಧ ದೇವರದು, ಅರ್ಧ ನಮ್ಮದೋ? ಎಂದಿಗೂ ಇಲ್ಲ. ಹಲಗೆ ಹಿಡಿದು ಬದುಕಿದವನು ತನ್ನ ಕೈಯನ್ನು ಹೊಗಳಿಕೊಳ್ಳುವನೇ? ಹಿಡಿಯುವ ಮನಸ್ಸೂ ಬಲವೂ ದೇವರಿಂದಲೇ ಬಂದವು. ಆದರೆ ಕೈಬಿಟ್ಟು ಮುಳುಗಿದವನು ಹಲಗೆಯನ್ನು ದೂರಲಾರನು. ಈ ಎರಡು ಸತ್ಯಗಳು ಹೇಗೆ ಕೂಡುವವೆಂಬುದು ನಮ್ಮ ಬುದ್ಧಿಗೆ ಮೀರಿದ್ದು. ಸತ್ಯವೇದವು ಎರಡನ್ನೂ ಹೇಳುತ್ತದೆ, ನಾವು ಎರಡನ್ನೂ ನಂಬುತ್ತೇವೆ.

ದೇವರ ಆಯ್ಕೆಯನ್ನು ದೃಢವಾಗಿ ನಂಬಿದ್ದ ವಿಲ್ಯಂ ಕೇರಿ ಪಾದ್ರಿಗಳು, ಅನ್ಯಜನಾಂಗಗಳ ರಕ್ಷಣೆಗಾಗಿ ತಕ್ಕ ಸಾಧನಗಳನ್ನು ಉಪಯೋಗಿಸುವದು ಕ್ರೈಸ್ತರ ಕರ್ತವ್ಯವೆಂದು ೧೭೯೨ರಲ್ಲಿ ಒಂದು ಪುಸ್ತಕವನ್ನು ಬರೆದರು. ೧೭೯೩ರಲ್ಲಿ ತಾವೇ ಬಂಗಾಳಕ್ಕೆ ಬಂದರು. ಅವರ ಸೇವೆಯ ಮೊದಲ ಫಲವಾದ ಕೃಷ್ಣಪಾಲನು ದೀಕ್ಷಾಸ್ನಾನ ಹೊಂದಿದ್ದು ೧೮೦೦ರ ಡಿಸೆಂಬರಿನಲ್ಲಿ. ಏಳು ವರ್ಷ ಫಲ ಕಾಣದೆ ಬಿತ್ತಿದವರಿಗೆ ಆಯ್ಕೆಯ ಉಪದೇಶವು ಸೋಮಾರಿತನವನ್ನು ಕಲಿಸಲಿಲ್ಲ, ತಾಳ್ಮೆಯನ್ನು ಕಲಿಸಿತು.

ಆದದರಿಂದ ಆ ತಂದೆಗೆ ನಾವು ಹೇಳಿದ್ದಿಷ್ಟೇ: ಅಣ್ಣಾ, ಆರಿಸಲ್ಪಟ್ಟವರ ಪಟ್ಟಿಯನ್ನು ಓದುವ ಕೆಲಸವನ್ನು ದೇವರು ನಮಗೆ ಒಪ್ಪಿಸಲಿಲ್ಲ, ಕರೆಯುವ ಕೆಲಸವನ್ನು ಒಪ್ಪಿಸಿದ್ದಾನೆ. ನಿಮ್ಮ ಪ್ರಾರ್ಥನೆಯೇ ಆತನು ನೇಮಿಸಿದ ಹಲಗೆಯಾಗಿರಬಹುದು. ಈ ರಾತ್ರಿಯೂ ಮಗನ ಹೆಸರೆತ್ತಿ ಪ್ರಾರ್ಥಿಸಿರಿ. ಬಾಗಿಲಿಗೆ ಅಗಳಿ ಹಾಕಬೇಡಿರಿ.