ಎದ್ದು ಬಂದವರು

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ, ಗೋಕಾಕದ ಹತ್ತಿರದ ಲೋಳಸೂರ ಸೇತುವೆ ಮುಳುಗಿತ್ತು. ಆ ಮಳೆಗಾಲ ಕಳೆದ ಮೇಲೆ ಒಂದು ದಿನ ಇಂಗ್ಲಿಷ್ ತಾಸಿನಲ್ಲಿ ‘ಶಿಫ್ಟ್’ ಎಂಬ ಕ್ರಿಯಾಪದ ಕಲಿಸುತ್ತಿದ್ದೆ. “ನಿಮ್ಮೊಳಗ ಯಾರ್‍ಯಾರು ಮನಿ ಶಿಫ್ಟ್ ಮಾಡೀರಿ?” ಎಂದು ಕೇಳಿದೆ. ಹೊಳೆದಂಡೆಯ ಊರಿನ ಹುಡುಗಿಯೊಬ್ಬಳು ಎದ್ದು ನಿಂತಳು. “ನಾವು ಶಿಫ್ಟ್ ಆಗಿಲ್ರಿ ಅಕ್ಕೋರ. ನೀರು ಬಂತರಿ, ಎದ್ದು ಬಂದ್ವಿ.”

ನನಗೆ ಮಾತೇ ಹೊರಡಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಪಾಲು ಮಾಡು, ಹೊಂದಿಸು ಎಂಬ ಅರ್ಥವಿತ್ತು. ಇದ್ದಲ್ಲಿಂದ ಸರಿಸು ಎಂಬುದು ಆಮೇಲೆ ಬಂದದ್ದು. ಮನೆ ಬದಲಿಸುವುದಕ್ಕೆ ಇಂಗ್ಲಿಷರು ಸಾಮಾನ್ಯವಾಗಿ ‘ಮೂವ್’ ಎನ್ನುತ್ತಾರೆ. ‘ಶಿಫ್ಟ್’ ನಮ್ಮ ದೇಶದ ರೂಢಿ. ವರ್ಗವಾದ ನೌಕರನೂ ಶಿಫ್ಟ್, ಕಪಾಟೂ ಶಿಫ್ಟ್, ಮುಳುಗಿದ ಊರೂ ಶಿಫ್ಟ್! ತಾವಾಗಿ ಹೋದವರು ಯಾರು, ಎಬ್ಬಿಸಿಕೊಂಡವರು ಯಾರು ಎಂಬುದನ್ನು ಆ ಪದ ಹೇಳುವುದೇ ಇಲ್ಲ.

ನನ್ನ ಅತ್ತೆಯವರ ತವರು ಹುಕ್ಕೇರಿ ತಾಲ್ಲೂಕಿನಲ್ಲಿತ್ತು. 1970ರ ದಶಕದಲ್ಲಿ ಹಿಡಕಲ್ ಜಲಾಶಯದ ಹಿನ್ನೀರಿನ ಕೆಳಗೆ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅತ್ತೆಯವರು ಒಮ್ಮೆಯೂ ಹೋಗಲಿಲ್ಲ. “ಗುಡಿ ಕಂಡೀತವಾ, ನಮ್ಮವ್ವನ ಒಲಿ ಕಂಡೀತೇನ?” ಎನ್ನುತ್ತಿದ್ದರು.

ಹೊಲದ ಪರಿಹಾರ ಅಣ್ಣತಮ್ಮಂದಿರಿಗೆ ಬಂತು. ಅವರು ಬೇರೆ ಕಡೆ ಮನೆ ಕಟ್ಟಿಕೊಂಡರು. ಅತ್ತೆಯವರನ್ನು ಕೇಳುವ ಮಾತೇ ಇರಲಿಲ್ಲ, ಅವರನ್ನು ಆಗಲೇ ‘ಕೊಟ್ಟಾಗಿತ್ತು’. “ಮಗಳನ್ನ ಯಾವೂರಿಗೆ ಕೊಟ್ಟೀರಿ?” ಎಂದು ಇಂದಿಗೂ ನಾವು ಕೇಳುತ್ತೇವಲ್ಲ! ಕೊಟ್ಟ ಹೆಣ್ಣಿಗೆ ತಿರುಗಿ ಹೋಗಲು ಇರುವುದು ತವರಿನ ಬಾಗಿಲೊಂದೇ. ಪಂಚಮಿಗೆ ಅಣ್ಣ ಕರೆಯಲು ಬರುತ್ತಿದ್ದ, ಇವರೂ ಹೋಗುತ್ತಿದ್ದರು. ಆದರೆ ತಿರುಗಿ ಬಂದ ಮೇಲೆ “ಅಣ್ಣನ ಮನೀಗೆ ಹೋಗಿದ್ದೆ” ಎನ್ನುತ್ತಿದ್ದರೇ ಹೊರತು “ತವರಿಗೆ” ಎಂದದ್ದನ್ನು ನಾನು ಕೇಳಲಿಲ್ಲ.

ಆಣೆಕಟ್ಟು ಬೇಡವಾಗಿತ್ತೆಂದು ನಾನು ಹೇಳಲಾರೆ. ಆ ನೀರೇ ಧೂಪದಾಳದ ಕಾಲುವೆಗುಂಟ ಹರಿದು ಬಂದು ಈ ಸೀಮೆಯಲ್ಲಿ ಕಬ್ಬು ಬೆಳೆಸಿತು. ಮೂಡಲಗಿ ಕಡೆಯ ನಮ್ಮ ಹೊಲವೂ ತೊಯ್ದದ್ದು ಅದರಿಂದಲೇ. ಅತ್ತೆಯವರ ತವರು ಮುಳುಗಿಸಿದ ನೀರೇ ಅವರ ಗಂಡನ ಮನೆಯ ಹೊಲಕ್ಕೆ ಬಂತು. ಆ ಬೆಳೆಯಿಂದ ನನ್ನ ಮಕ್ಕಳು ಓದಿದರು. ಅದಕ್ಕೇ ಆ ಪದದ ಹಳೆಯ ಅರ್ಥ, ಪಾಲು ಎಂಬುದು, ನನ್ನನ್ನು ಕಾಡುತ್ತದೆ. ಒಬ್ಬರು ಎದ್ದು ಹೋದಾಗ ಯಾರ ಪಾಲಿಗೆ ಏನು ಬಂತು? ಕಳೆದುಕೊಂಡವರು ಈ ಪ್ರಶ್ನೆ ಕೇಳಿದರೆ ಅದು ತಕರಾರು ಎನಿಸುತ್ತದೆ. ಉಂಡವರೇ ಕೇಳಿಕೊಳ್ಳಬೇಕು.

ಅಂದು ಹಲಗೆಯ ಮೇಲಿನ ವಾಕ್ಯ ಅಳಿಸಿ, ‘ನಮ್ಮನ್ನು ಎಬ್ಬಿಸಲಾಯಿತು’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವುದನ್ನು ಕಲಿಸಿದೆ. ಕರ್ಮಣಿ ಪ್ರಯೋಗದ ಪಾಠ ಇನ್ನೂ ಮುಂದಿನ ತಿಂಗಳಿಗಿತ್ತು, ಇರಲಿ. “ಎಬ್ಬಿಸಿದವರ ಹೆಸರೂ ಬರೀಬೇಕೇನ್ರಿ?” ಎಂದು ಆ ಹುಡುಗಿ ಕೇಳಿದಳು. “ಗೊತ್ತಿದ್ದರ ಬರಿಯವಾ” ಎಂದೆ. ಅವಳು ಹೊಳೆಯ ಹೆಸರು ಬರೆದಳು.

ಅತ್ತೆಯವರಿಗೆ ಅಕ್ಷರ ಬರುತ್ತಿರಲಿಲ್ಲ. ಬಂದಿದ್ದರೆ, ಆ ಜಾಗದಲ್ಲಿ ನಮ್ಮ ಹೆಸರನ್ನೂ ಬರೆಯಬೇಕಾಗುತ್ತಿತ್ತು.